ಹಾರ್ನ್‌ನಲ್ಲಿ ಚೆಂಡೆ ಮೊಳಗುತ್ತದೆ, ಮದ್ದಳೆ ಏಕೆ ಸೊರಗುತ್ತದೆ?

ಪ್ರಶ್ನೆ: ಉಡುಪಿಯ ಆಸುಪಾಸಿನ ಬಯಲಾಟಗಳಿಗೆ ಮೈಕ್ ಸೆಟ್ ಒದಗಿಸುತ್ತೇನೆ. ಹಾರ್ನ್‌ನಲ್ಲಿ ಚೆಂಡೆ ಗದ್ದೆಯಾಚೆಗೂ ಸ್ಪಷ್ಟವಾಗಿ ಕೇಳುತ್ತದೆ. ಮದ್ದಳೆಯ ತಗ್ಗು ನಾದ ಬರುವುದಿಲ್ಲ. ಹಾರ್ನ್‌ನ ಬೆನ್ನಿಗೆ ಕೂರಿಸಿ ಶಬ್ದ ಹುಟ್ಟಿಸುವ ಯೂನಿಟ್ ಹೆಚ್ಚು ವಾಟ್‌ನದನ್ನು ಹಾಕಿದರೆ ಬಂದೀತೇ?

ಉತ್ತರ: ಬರಲಾರದು. ವಾಟ್ ಎಂಬುದು ಮುಖ್ಯವಾಗಿ ಯೂನಿಟ್‌ನ ಕಾಯಿಲ್ ಎಷ್ಟು ಬಿಸಿ ತಾಳಬಲ್ಲದು ಎಂಬುದರ ಅಳತೆ. ತಗ್ಗು ನಾದಕ್ಕೆ ಬೇಕಾದುದು ಡಯಾಫ್ರಾಮ್, ಅಂದರೆ ಕಾಯಿಲ್‌ಗೆ ಅಂಟಿಸಿದ ಕಂಪಿಸುವ ತೆಳು ಪೊರೆ, ಹಿಂದೆ ಮುಂದೆ ಚಲಿಸುವ ಜಾಗ.

ಮೊದಲು ಹಾರ್ನ್‌ನ ಮಾತು ಮುಗಿಸೋಣ. ಅದರ ಬಾಯಿಯ ಸುತ್ತಳತೆಗಿಂತ ಶಬ್ದತರಂಗ ಉದ್ದವಾದಂತೆ ಹಾರ್ನ್‌ನ ಹಿಡಿತ ತಪ್ಪುತ್ತದೆ. 40 ಸೆಂಟಿಮೀಟರ್ ವ್ಯಾಸದ ಬಾಯಿಗೆ ಈ ಮಿತಿ ಸುಮಾರು 275 ಹರ್ಟ್ಸ್ (ಸೆಕೆಂಡಿಗೆ 275 ಕಂಪನ). 100 ಹರ್ಟ್ಸ್ ಬೇಕೆಂದರೆ ಬಾಯಿಯೇ ಒಂದು ಮೀಟರಿಗಿಂತ ಅಗಲವಿರಬೇಕು. ಅಂಥದನ್ನು ಕಂಬಕ್ಕೆ ಕಟ್ಟುವವರು ಯಾರು?

ಇನ್ನು ಯೂನಿಟ್. ಡಯಾಫ್ರಾಮ್‌ನ ಎದುರಿಗೆ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ, ಫೇಸ್ ಪ್ಲಗ್ (phase plug) ಎಂಬ, ಶಬ್ದವನ್ನು ಹಾರ್ನ್‌ನ ಗಂಟಲಿಗೆ ಸಾಗಿಸುವ ಸೀಳುಗಳುಳ್ಳ ಬಿರಡೆ ಇರುತ್ತದೆ. ನಡುವೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್‌ನಂತೆ ವರ್ತಿಸಿ ಏರು ನಾದವನ್ನು ನುಂಗುವುದರಿಂದ ಆ ಅಂತರವನ್ನು ಆದಷ್ಟು ಕಿರಿದಾಗಿಸುತ್ತಾರೆ, ಅಂದರೆ ಚೆಂಡೆಗೆ ಅನುಕೂಲವಾದುದೇ ಮದ್ದಳೆಗೆ ಅಡ್ಡಿ. ಶಬ್ದದ ಜೋರು ಅಷ್ಟೇ ಇರಬೇಕಾದರೆ, ಆವರ್ತನ ಅರ್ಧಕ್ಕಿಳಿದಾಗ ಡಯಾಫ್ರಾಮ್ ಎರಡರಷ್ಟು ಚಲಿಸಬೇಕು. ಹಾರ್ನ್‌ನ ಮಿತಿಯಿಂದ ಕೆಳಗೆ ಎದುರು ನಿಲ್ಲುವ ಗಾಳಿಯ ಭಾರವೇ ಕಳಚಿಹೋಗುವುದರಿಂದ, ಶಬ್ದವನ್ನೇನೂ ಹೆಚ್ಚಿಸದೆಯೇ ಅದರ ಚಲನೆ ವಿಪರೀತವಾಗುತ್ತದೆ. ಆಗ ಅದು ಪ್ಲಗ್‌ಗೆ ಬಡಿಯುತ್ತದೆ. ಬಾಸ್ ಗುಂಡಿ ತಿರುಗಿಸಿದಾಗ ಕೇಳುವ ಆ ಕರಕರ ಸದ್ದು ಅದೇ.

ಡಯಾಫ್ರಾಮ್‌ನ ಬೆನ್ನಿಗಿರುವ ಮುಚ್ಚಿದ ಪುಟ್ಟ ಕೋಣೆಯ ಗಾಳಿ ಈ ಓಡಾಟವನ್ನು ಬಿಗಿಹಿಡಿಯುತ್ತದೆ. ಕೋಣೆ ಚಿಕ್ಕದಾದಷ್ಟೂ ಅನುರಣನದ ಆವರ್ತನ, ಅಂದರೆ ಡಯಾಫ್ರಾಮ್ ತಾನಾಗಿಯೇ ಕಂಪಿಸಬಯಸುವ ಆವರ್ತನ, ಮೇಲೇರಿ ತಗ್ಗು ನಾದ ಇನ್ನಷ್ಟು ಕುಗ್ಗುತ್ತದೆ. ಕೋಣೆಯನ್ನು ಹಿಗ್ಗಿಸಿ, ಅಂಚಿನ ಹಿಡಿತವನ್ನು ಸಡಿಲಿಸಿದ ಯೂನಿಟ್‌ಗಳೂ ಇವೆ, ಆದರೆ ಅವಕ್ಕೆ ತಕ್ಕ ಹಾರ್ನ್ ಬೇಕು. 1926ರಲ್ಲಿ ಬೆಲ್ ಲ್ಯಾಬೊರೇಟರೀಸ್‌ನ ವೆಂಟೆ ಮತ್ತು ಥುರಾಸ್ ರೂಪಿಸಿದ 555 ಯೂನಿಟ್ ಸಿನಿಮಾ ಮಂದಿರಗಳಲ್ಲಿ ತಗ್ಗು ನಾದವನ್ನೂ ನುಡಿಸಿದ್ದು ಮೂರು ಮೀಟರಿಗೂ ಉದ್ದದ ಸುರುಳಿ ಹಾರ್ನ್‌ನ ಬಲದಿಂದ.

ಭಾಗವತರ ಕಂಠದ ಮೂಲಸ್ವರ ಎಷ್ಟೋ ಸಲ 275ಕ್ಕಿಂತ ಕೆಳಗಿದ್ದರೂ ಪದ್ಯ ಸರಿಯಾಗಿಯೇ ಕೇಳುತ್ತದೆ, ಮೇಲಿನ ಉಪಸ್ವರಗಳಿಂದ ಕಿವಿಯೇ ಆ ಸ್ಥಾಯಿಯನ್ನು ಊಹಿಸಿಕೊಳ್ಳುತ್ತದೆ. ಮದ್ದಳೆಯ ತುಂಬುನಾದಕ್ಕೆ ಇಷ್ಟು ಸಾಲದು. ಆದ್ದರಿಂದ ಅದಕ್ಕೆ 12 ಅಥವಾ 15 ಇಂಚಿನ ಕೋನ್ ಸ್ಪೀಕರ್‌ನ ಬಾಕ್ಸ್ ಇಡಿ, ಹಾರ್ನ್‌ಗೆ ಹೋಗುವ ಸಿಗ್ನಲ್ಲನ್ನು 300 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸಿ. ಮಿಕ್ಸರ್‌ನಲ್ಲಿ ಆ ಸೌಲಭ್ಯವಿಲ್ಲದಿದ್ದರೆ, 16 ಓಮ್ ಯೂನಿಟ್‌ಗೆ ಸರಣಿಯಲ್ಲಿ ಸುಮಾರು 33 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಕೆಪಾಸಿಟರ್ ಸೇರಿಸಬಹುದು.