ಆಸ್ಕಿಯೇತರ ಅಕ್ಷರ: ಸರಿಯಾದ ಪಾಸ್‌ವರ್ಡ್ ತಪ್ಪಾಗುವುದು ಹೇಗೆ?

ಆಸ್ಕಿ ಎಂಬುದು 128 ಸಂಕೇತಗಳ ಪಟ್ಟಿ. ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ, ಕೆಲವು ನಿಯಂತ್ರಣ ಸಂಕೇತ, ಅಷ್ಟೇ. ಅದರಾಚೆಗಿನದೆಲ್ಲ ಆಸ್ಕಿಯೇತರ: ಕನ್ನಡದ ‘ಕ’, ಯೂರೋ ಚಿಹ್ನೆ, ಎಮೋಜಿ.

ಜಾಲದಲ್ಲಿ ಸಾಗುವುದು ಅಕ್ಷರವಲ್ಲ, ಬೈಟ್. ಅಕ್ಷರವನ್ನು ಬೈಟಾಗಿಸುವ ನಿಯಮವೇ ಎನ್‌ಕೋಡಿಂಗ್; ಯುಟಿಎಫ್-8, ವಿಂಡೋಸ್-1252 ಅಂಥ ಎರಡು. ಯೂರೋ ಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್, ವಿಂಡೋಸ್-1252ರಲ್ಲಿ 1 ಬೈಟ್. ಪಾಸ್‌ವರ್ಡ್ ಉಳಿಸುವಾಗ ಒಂದು ಎನ್‌ಕೋಡಿಂಗ್, ಲಾಗಿನ್ ಆಗುವಾಗ ಇನ್ನೊಂದು ಬಳಕೆಯಾದರೆ, ಸರಿಯಾಗಿ ಟೈಪ್ ಮಾಡಿದವರಿಗೂ ಸರ್ವರ್ ‘ತಪ್ಪು ಪಾಸ್‌ವರ್ಡ್’ ಎನ್ನುತ್ತದೆ.

ಸರ್ವರ್‌ನಿಂದ ಇಮೇಲ್ ಓದಲು ಬಳಸುವ ಐಮ್ಯಾಪ್ ಎಂಬ ನಿಯಮಾವಳಿಯ ಹಳೆಯ ಲಾಗಿನ್ ಆದೇಶದ ಕೊರತೆ ಇಲ್ಲೇ ಇದೆ: ಕಳಿಸುತ್ತಿರುವ ಬೈಟುಗಳು ಯಾವ ಎನ್‌ಕೋಡಿಂಗಿನವು ಎಂದು ತಿಳಿಸಲು ಅದರಲ್ಲಿ ಜಾಗವೇ ಇಲ್ಲ. 2013ರ ಆರ್‌ಎಫ್‌ಸಿ 6855 (ಆರ್‌ಎಫ್‌ಸಿ ಎಂದರೆ ಅಂತರಜಾಲದ ತಾಂತ್ರಿಕ ನಿಯಮಗಳ ದಾಖಲೆ) ಐಮ್ಯಾಪ್‌ಗೆ ಯುಟಿಎಫ್-8 ತಂದರೂ ಈ ಆದೇಶವನ್ನು ಮುಟ್ಟಲಿಲ್ಲ. ಹೆಸರಿನಲ್ಲೋ ಪಾಸ್‌ವರ್ಡಿನಲ್ಲೋ ಇಂಥ ಅಕ್ಷರವಿದ್ದರೆ ಆಥೆಂಟಿಕೇಟ್ ಆದೇಶವನ್ನೇ ಬಳಸಬೇಕು ಎಂದು ವಿಧಿಸಿತು. ಅದರೊಂದಿಗೆ ಬಳಸುವ ‘ಪ್ಲೇನ್’ ವಿಧಾನದಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂಬುದು ನಿಯಮ. ಹೆಸರು, ಪಾಸ್‌ವರ್ಡುಗಳ ನಡುವೆ ಸೊನ್ನೆ ಬೈಟ್ ಇಟ್ಟು, ಒಟ್ಟನ್ನು ಬೈಟುಗಳನ್ನು ಆಸ್ಕಿ ಅಕ್ಷರಗಳಾಗಿ ಬರೆಯುವ ಬೇಸ್64ಕ್ಕೆ ತಿರುಗಿಸಿ ಕಳಿಸಲಾಗುತ್ತದೆ. ಬೇಸ್64 ಗುಟ್ಟನ್ನು ಕಾಯುವುದಿಲ್ಲ. ಅದಕ್ಕೆ ಸಂಪರ್ಕವನ್ನೇ ಗೂಢಲಿಪಿಯಲ್ಲಿ ಮುಚ್ಚುವ ಟಿಎಲ್‌ಎಸ್ ಬೇಕೇ ಬೇಕು.

ಲೈಬ್ರರಿಗಳಲ್ಲೂ ಇದೇ ಬಿರುಕು ಕಾಣುತ್ತದೆ. ಪೈಥಾನ್ 3 ಪ್ರೋಗ್ರಾಮಿಂಗ್ ಭಾಷೆಯ ಐಮ್ಯಾಪ್ ಲೈಬ್ರರಿಯಾದ ಐಮ್ಯಾಪ್‌ಲಿಬ್‌ನಲ್ಲಿ ಲಾಗಿನ್ ಫಂಕ್ಷನ್ ಬಹುಕಾಲ ಆಸ್ಕಿಯನ್ನೇ ನಂಬಿಕೊಂಡಿತ್ತು. ಬೇರೆ ಅಕ್ಷರ ಕಂಡರೆ ಯೂನಿಕೋಡ್‌ಎನ್‌ಕೋಡ್‌ಎರರ್ ಎಂಬ ದೋಷ. ಆದರೆ 3.5ರಿಂದ ಅದರ ಆಥೆಂಟಿಕೇಟ್ ಫಂಕ್ಷನ್ ಸ್ಟ್ರಿಂಗನ್ನು ಯುಟಿಎಫ್-8ಕ್ಕೆ ತಿರುಗಿಸುತ್ತದೆ. ಲೈಬ್ರರಿಯ ಒಳಗಿನ ಎನ್‌ಕೋಡಿಂಗ್ ಚರವನ್ನು ತಿದ್ದಿ ಲಾಗಿನ್ ಫಂಕ್ಷನ್ನನ್ನೇ ನಡೆಸುವವರಿದ್ದಾರೆ. ಸರ್ವರ್ ಉದಾರವಾಗಿದ್ದರೆ ಅದು ನಡೆಯುತ್ತದೆ, ಆದರೆ ನೆಚ್ಚಿಕೊಳ್ಳುವ ದಾರಿಯಲ್ಲ. ಉದ್ದದ ಲೆಕ್ಕವೂ ಬೈಟಿನಲ್ಲೇ ಇರಬೇಕು: ಉದ್ದವನ್ನು ಮೊದಲೇ ಹೇಳಿ ಕಳಿಸುವ ಐಮ್ಯಾಪ್ ಲಿಟರಲ್‌ನಲ್ಲಿ ‘ಕ’ಕ್ಕೆ 3ರ ಬದಲು 1 ಎಂದು ಬರೆದರೆ, ಉಳಿದ ಎರಡು ಬೈಟುಗಳನ್ನು ಸರ್ವರ್ ಆದೇಶದ ಮುಂದಿನ ಭಾಗವೆಂದು ಓದಿ ತಪ್ಪು ಹೇಳುತ್ತದೆ.

ಎರಡೂ ಕಡೆ ಯುಟಿಎಫ್-8 ಇದ್ದರೂ ಕನ್ನಡಕ್ಕೆ ಇನ್ನೊಂದು ತೊಡಕಿದೆ. ‘ಕೊ’ದ ಒಕಾರವನ್ನು ಒಂದೇ ಯೂನಿಕೋಡ್ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟುಗಳು ಬೇರೆ. ಹಾಗಾಗಿ ಹೋಲಿಸುವ ಮೊದಲು ಎನ್‌ಎಫ್‌ಸಿ ಎಂಬ ಒಂದೇ ನಿಗದಿತ ರೂಪಕ್ಕೆ ತರಬೇಕೆಂದು 2017ರ ಆರ್‌ಎಫ್‌ಸಿ 8265 ಹೇಳುತ್ತದೆ.

ಎನ್‌ಕೋಡ್ ಮಾಡುವಾಗ ‘ಇಗ್ನೋರ್’ ಆಯ್ಕೆಯನ್ನು ಮಾತ್ರ ಎಂದೂ ಕೊಡಬೇಡಿ. ಅದು ಅಕ್ಷರವನ್ನು ಸದ್ದಿಲ್ಲದೆ ಉದುರಿಸಿ ಬೇರೆಯದೇ ಪಾಸ್‌ವರ್ಡ್ ಕಳಿಸುತ್ತದೆ. ಪ್ರೋಗ್ರಾಂ ಮತ್ತೆ ಮತ್ತೆ ಯತ್ನಿಸಿದರೆ ಖಾತೆಯೇ ಲಾಕ್ ಆಗಬಹುದು.