ನಾಲಿಗೆ ಮಡಚುವ ಪಾಠ ಎಲ್ಲಿಂದ ಬಂತು?

ಹೈಸ್ಕೂಲಿನ ಜೀವಶಾಸ್ತ್ರ ತರಗತಿಯಲ್ಲಿ ಈ ಆಟ ತುಂಬ ಹಳೆಯದು. ನಾಲಿಗೆಯ ಎರಡೂ ಅಂಚು ಮೇಲೆತ್ತಿ ಕೊಳವೆಯ ಹಾಗೆ ಮಾಡಿ ತೋರಿಸಬೇಕು. ಮಾಡಲು ಬಂದರೆ ನಿಮ್ಮಲ್ಲಿ ಪ್ರಬಲ ಜೀನ್ (ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಬರುವ ಎರಡು ಪ್ರತಿಯಲ್ಲಿ ಒಂದೇ ಇದ್ದರೂ ಗುಣ ಕಾಣಿಸುವಂಥದ್ದು) ಇದೆ, ಬಾರದಿದ್ದರೆ ಇಲ್ಲ. ಮನೆಯವರ ನಾಲಿಗೆಯನ್ನೂ ನೋಡಿ ಬರೆದುಕೊಂಡು ಬನ್ನಿ ಎನ್ನುವ ಹೋಂವರ್ಕ್ ಬೇರೆ. ಅಪ್ಪ ಅಮ್ಮ ಇಬ್ಬರಿಗೂ ಬಾರದ್ದು ಮಗುವಿಗೆ ಬಂದರೆ? ಪಾಠದ ಪ್ರಕಾರ ಹಾಗಾಗುವಂತಿಲ್ಲ. ಆದರೆ ಆಗುತ್ತದೆ.

ಇದನ್ನು ಪುಸ್ತಕದಿಂದ ತೆಗೆಯಬೇಕು ಎನ್ನುವವರಿದ್ದಾರೆ. ಆ ವಯಸ್ಸಿಗೆ ಇಷ್ಟು ಸಾಕು ಬಿಡಿ ಎನ್ನುವವರೂ ಇದ್ದಾರೆ. ಈ ಗಂಟು ಬಿದ್ದದ್ದು ಹೇಗೆ?

ಹೆತ್ತವರ ಗುಣ ಮುಂದಿನ ತಲೆಮಾರಿಗೆ ಹೇಗೆ ಇಳಿಯುತ್ತದೆ ಎಂದು ತೋರಿಸಿದ, 1866ರಲ್ಲಿ ಗ್ರೆಗರ್ ಮೆಂಡೆಲ್‌ನ ಬಟಾಣಿ ಲೆಕ್ಕ ಅಚ್ಚಾಯಿತು, 1900ರವರೆಗೆ ಅದು ಮೂಲೆಯಲ್ಲಿ ಬಿದ್ದಿತ್ತು.

ಮೆಂಡೆಲ್ ಲೆಕ್ಕ ಬಲು ಚೊಕ್ಕ. ದುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ತಳಿ ಕೂಡಿಸಿದ. ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಎರಡನೆಯದರಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ 3ಕ್ಕೆ 1. ಪಾಠದಲ್ಲಿ ಒಂದು ಮಾತು ಮಾತ್ರ ಬೇಗ ದಾಟಿಹೋಗುತ್ತದೆ. ಅವನು ಕೈಗೆ ಸಿಕ್ಕ ಏಳು ಗುಣಗಳನ್ನು ಸುಮ್ನೆ ಎತ್ತಿಕೊಂಡಿರಲಿಲ್ಲ. ನಡುವಿನದು ಯಾವುದೂ ಇಲ್ಲದೆ, ಇದು ಇಲ್ಲವೇ ಅದು ಎಂದು ವಿಂಗಡಿಸಬಹುದಾದವನ್ನೇ ಹುಡುಕಿ ಆರಿಸಿದ್ದ. 1900ರ ನಂತರ ಬಂದ ಕೆಲವರು ಅದೇ ಅಚ್ಚಿನೊಳಗೆ ಮನುಷ್ಯನ ಗುಣಗಳನ್ನೂ ತುರುಕಲು ಹೊರಟರು. ಕಂದು ಕಣ್ಣು ಪ್ರಬಲ, ನೀಲಿ ಕಣ್ಣು ದುರ್ಬಲ ಎನ್ನುವ ಸೂತ್ರ 1907ರಲ್ಲೇ ಬಂತು.

ಪ್ರಬಲ, ದುರ್ಬಲ ಎನ್ನುವ ಪದಗಳೂ ಕಾಟ ಕೊಟ್ಟಿವೆ. ಕೇಳಿದ ಕೂಡಲೇ ಎರಡು ಜೀನ್ ಕುಸ್ತಿಗೆ ಬಿದ್ದಂತೆ ಅನಿಸುತ್ತದೆ ಅಲ್ವಾ? ಪ್ರಬಲ ಗುಣ ಹರಡುತ್ತಾ ಹೋಗಿ ಕೊನೆಗೆ ಎಲ್ಲರಿಗೂ ಬರಬೇಕಲ್ಲ ಎಂಬ ಅನುಮಾನ ಆಗಲೇ ಎದ್ದಿತ್ತು. ಬೇರೆ ಒತ್ತಡ ಇಲ್ಲದಿದ್ದರೆ ಹಾಗಾಗುವುದಿಲ್ಲ ಎಂದು 1908ರಲ್ಲಿ ಗಣಿತಜ್ಞ ಹಾರ್ಡಿ, ವೈದ್ಯ ವೈನ್‌ಬರ್ಗ್ ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕಿ ತೋರಿಸಿದರು. ಬಟಾಣಿಯಲ್ಲಿ ನಿಜವಾಗಿ ನಡೆಯುವುದು ಏನೆಂದು 1990ರಲ್ಲಿ ತಿಳಿಯಿತು. ಸುಕ್ಕು ಬೀಜದ ಗಿಡದಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವದ ಜೀನ್ ನಡುವೆ ಡಿಎನ್‌ಎಯ ತುಂಡೊಂದು ಬಂದು ಸೇರಿ ಅದನ್ನು ಕೆಡಿಸಿದೆ. ಪಿಷ್ಟ ಸರಿಯಾಗಿ ಆಗದೆ ಬೀಜದಲ್ಲಿ ಸಕ್ಕರೆ ಉಳಿಯುತ್ತದೆ, ಅದು ನೀರೆಳೆದು ಬೀಜ ಉಬ್ಬುತ್ತದೆ, ಒಣಗಿದಾಗ ಸುಕ್ಕಾಗುತ್ತದೆ. ಒಂದು ಪ್ರತಿ ಚೆನ್ನಾಗಿದ್ದರೂ ಸಾಕು, ಬೀಜ ದುಂಡಗಾಗುತ್ತದೆ. ಯಾರೂ ಯಾರನ್ನೂ ಸೋಲಿಸಿಲ್ಲ.

ಇನ್ನು ನಾಲಿಗೆ. ಈ ಕಥೆ ಆಲ್ಫ್ರೆಡ್ ಸ್ಟರ್ಟ್‌ವೆಂಟ್ ಎಂಬ ದೊಡ್ಡ ವಿಜ್ಞಾನಿಯಿಂದ ಶುರುವಾಗುತ್ತದೆ. ಕಾಲೇಜು ಹುಡುಗನಾಗಿದ್ದಾಗಲೇ ಹೋಂವರ್ಕ್ ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಹಣ್ಣುನೊಣದ ಜೀನ್‌ಗಳ ಮೊದಲ ನಕ್ಷೆ ಬರೆದವರು ಅವರು. (ಹೋಂವರ್ಕ್ ಬಿಟ್ಟು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.) 1940ರಲ್ಲಿ ಅವರು ಒಂದು ಚಿಕ್ಕ ಬರಹ ಪ್ರಕಟಿಸಿದರು. ನಾಲಿಗೆ ಮಡಚುವುದು ಒಂದು ಪ್ರಬಲ ಜೀನ್‌ನಿಂದ ಬರುವಂತೆ ಕಾಣುತ್ತದೆ ಎಂದರು. ಉಪಕರಣ ಬೇಡ, ಖರ್ಚಿಲ್ಲ, ಎಲ್ಲರ ಬಾಯಲ್ಲೂ ನಾಲಿಗೆ ಇದ್ದೇ ಇದೆ. ತರಗತಿಗೆ ಇದಕ್ಕಿಂತ ಇನ್ನೇನು ಬೇಕು?

ಅನುಮಾನ ಬರಲು ಜಾಸ್ತಿ ಸಮಯ ಹಿಡಿಯಲಿಲ್ಲ. 1951ರಲ್ಲಿ ಜಪಾನಿನ ಶಾಲಾ ಮಕ್ಕಳ ಲೆಕ್ಕ ಬಂತು. 6-7 ವರ್ಷದವರಲ್ಲಿ ಶೇ. 54 ಮಕ್ಕಳಿಗೆ ನಾಲಿಗೆ ಮಡಚಲು ಬರುತ್ತಿತ್ತು, 12 ವರ್ಷದವರಲ್ಲಿ ಶೇ. 76. ಅಂದರೆ ಕೆಲವರು ನಡುವೆ ಕಲಿತುಕೊಂಡಿದ್ದರು. ಮರುವರ್ಷ ಇನ್ನೊಂದು ಪೆಟ್ಟು. 33 ಜೋಡಿ ತದ್ರೂಪಿ ಅವಳಿಗಳನ್ನು ನೋಡಿದರೆ, 7 ಜೋಡಿಯಲ್ಲಿ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಜೀನ್ ಎರಡು ಕಡೆಯೂ ಒಂದೇ, ನಾಲಿಗೆ ಮಾತ್ರ ಬೇರೆ. ಜೀನ್‌ಗಳ ಪಾಲು ಸ್ವಲ್ಪ ಇದ್ದೀತು, ಆದರೆ ಒಂದೇ ಜೀನ್‌ನ ಕಥೆ ಅಲ್ಲಿಗೆ ಮುಗಿಯಿತು.

ಸ್ಟರ್ಟ್‌ವೆಂಟ್ ಇದನ್ನು ಒಪ್ಪಿಕೊಂಡರು. ಪುಸ್ತಕಗಳಲ್ಲಿ ಇನ್ನೂ ಆ ಉದಾಹರಣೆ ಕಂಡರೆ ತನಗೆ ಮುಜುಗರವಾಗುತ್ತದೆ ಎಂದು 1965ರಲ್ಲಿ ಬರೆದರು. ಹೇಳಿದವರೇ ಹಿಂದಕ್ಕೆ ತೆಗೆದುಕೊಂಡರೂ ಪಾಠ ಮಾತ್ರ ಅಲುಗಲಿಲ್ಲ. ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕ, ಅದನ್ನು ನೋಡಿ ಪ್ರಶ್ನೆಪತ್ರಿಕೆ. ಅಪ್ಪ ಅಮ್ಮನ ಜೀನ್‌ಗಳು ಮಗುವಿನಲ್ಲಿ ಹೇಗೆಲ್ಲ ಜೋಡಿಯಾಗಬಹುದು ಎಂದು ತೋರಿಸುವ ನಾಲ್ಕು ಮನೆಯ ಪುನೆಟ್ ಚೌಕ ಬರೆದರೆ ಅಂಕ ಕೊಡುವುದು ಸುಲಭ. ಹತ್ತಾರು ಜೀನ್ ಸೇರಿ ಕಣ್ಣಿನ ಬಣ್ಣ ಕೊಡುತ್ತವೆ ಎಂದರೆ ಚೌಕ ಎಷ್ಟು ದೊಡ್ಡದು ಬರೆಸುತ್ತೀರಿ?

ಉಳಿದ ಉದಾಹರಣೆಗಳ ಪಾಡೂ ಇಷ್ಟೇ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ಇಲ್ಲವೋ ಎಂಬುದಕ್ಕೆ ನಂಟಿರುವ 49 ಜಾಗಗಳು ನಮ್ಮ ಡಿಎನ್‌ಎಯಲ್ಲಿ 2017ರಲ್ಲಿ ಸಿಕ್ಕವು. ಎತ್ತರಕ್ಕೆ ಸಂಬಂಧಿಸಿದ ವ್ಯತ್ಯಾಸಗಳು 2022ರ ಅಧ್ಯಯನದಲ್ಲಿ 12,000 ದಾಟಿದವು. ನೀಲಿ ಕಣ್ಣಿನ ಅಪ್ಪ ಅಮ್ಮನಿಗೆ ಕಂದು ಕಣ್ಣಿನ ಮಗು ಅಪರೂಪ, ಆದರೆ ಹುಟ್ಟಬಹುದು. ಹಳೆಯ ಸೂತ್ರ ಹಿಡಿದ ಮಗು ಮನೆಗೆ ಹೋಗಿ ಏನು ಕೇಳೀತು, ಯೋಚಿಸಿ.

ಹಾಗಂತ ಮನುಷ್ಯರಲ್ಲಿ ಮೆಂಡೆಲ್ ಲೆಕ್ಕಕ್ಕೆ ಹೊಂದುವ ಗುಣಗಳೇ ಇಲ್ಲವೆಂದಲ್ಲ. ಎ, ಬಿ, ಒ ರಕ್ತದ ಗುಂಪು ಇದೆ. ಅದು ಹೇಗೂ ಪಾಠದಲ್ಲೇ ಇರುತ್ತದೆ. ಇನ್ನೊಂದು, ಕಿವಿಯ ಗುಗ್ಗೆ. ಅದು ಅಂಟಂಟಾಗಿದೆಯೋ ಒಣಗಿದೆಯೋ ಎಂಬುದನ್ನು ಒಂದೇ ಜೀನ್‌ನ ಒಂದೇ ಅಕ್ಷರದ ಬದಲಾವಣೆ ನಿರ್ಧರಿಸುತ್ತದೆ ಎಂದು 2006ರಲ್ಲಿ ಗೊತ್ತಾಯಿತು. ಅಂಟು ಪ್ರಬಲ, ಒಣ ದುರ್ಬಲ. ಪುನೆಟ್ ಚೌಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ತರಗತಿಯಲ್ಲಿ ಪಕ್ಕದವರಿಗೆ ತೋರಿಸಲು ಮಾತ್ರ ನಾಲಿಗೆಯಷ್ಟು ಚೆನ್ನಾಗಿರುವುದಿಲ್ಲ.