ಮೋಡೆಮ್ ಬೋರ್ಡಿನ ಕೆಪಾಸಿಟರ್ ಬದಲಿಸುವುದು: ಪಟ್ಟಿ ಯಾವ ಕಡೆಗೆ?

ಮನೆಯ ಮೋಡೆಮ್ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬೇರೆ 12 ವೋಲ್ಟ್ ಅಡಾಪ್ಟರ್ ಹಾಕಿದರೂ ಅದೇ ಕಥೆ. ಬಿಚ್ಚಿ ನೋಡಿದರೆ, ಪವರ್ ಸಾಕೆಟ್ ಪಕ್ಕದ 470 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರಿನ ಚಪ್ಪಟೆ ತಲೆ ಬೆರಳಿಗೆ ತಾಗುವಷ್ಟು ಉಬ್ಬಿತ್ತು.

ಮೀಟರ್ ಇಟ್ಟಾಗ 12 ವೋಲ್ಟ್ ಸರಿಯಾಗಿಯೇ ಬಂತು. ಆದರೆ ಮೀಟರ್ ತೋರಿಸುವುದು ಸರಾಸರಿ. ಒಳಗಿನ ದ್ರವ ಒಣಗಿದ ಕೆಪಾಸಿಟರ್ ಏರಿಳಿತ ತಡೆಯಲಾರದು. ವೈಫೈ ಜೋರಾಗಿ ಕೆಲಸ ಮಾಡುವಾಗ ವೋಲ್ಟೇಜ್ ಕ್ಷಣಕಾಲ ಕುಸಿದರೂ ಸಾಕು, ಚಿಪ್ ರೀಸೆಟ್ ಆಗುತ್ತದೆ.

ಹೊಸದಕ್ಕೆ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿ ಬಿಸಿ ತಡೆಯುವಂಥದು, ಲೋ ಇ.ಎಸ್.ಆರ್. (ಒಳಗಿನ ರೋಧ ಕಡಿಮೆ) ಇರಲಿ. ಎತ್ತರವನ್ನೂ ನೋಡಿ, ಮುಚ್ಚಳ ಕೂರಬೇಕು.

ಕೀಳುವಾಗ ಒಂದು ಕಾಲು ಸಲೀಸಾಗಿ ಬಂತು, ಇನ್ನೊಂದು ಅಲುಗಲಿಲ್ಲ. ಅದು ಗ್ರೌಂಡ್ ಕಾಲು, ಅಂದರೆ ಇಡೀ ಬೋರ್ಡಿನ ಮೈನಸ್‌ಗೆ ಸೇರಿದ್ದು; ಅಲ್ಲಿನ ಅಗಲವಾದ ತಾಮ್ರದ ಹಾಳೆ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನೆಲ್ಲ ಹೀರುತ್ತದೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯಲು ಹಚ್ಚುವ ಅಂಟು) ಹಚ್ಚಿ, ಮೇಲೆ ಹಳೆಯ 60/40 ಸೀಸದ ಬೆಸುಗೆ ಸ್ವಲ್ಪ ಸೇರಿಸಿದರೆ ಮಿಶ್ರಣ ಅದಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ. ಎಳೆದಾಡಬೇಡಿ, ಕಾಲು ಬೆಸೆದಿರುವ ತಾಮ್ರದ ಪ್ಯಾಡ್ ಎದ್ದು ಬರುತ್ತದೆ.

ಈಗ ನನ್ನನ್ನು ಒಂದು ಸಂಜೆಯೆಲ್ಲ ಕಾಡಿದ ಪಟ್ಟಿ, ಅಂದರೆ ಪ್ಲಸ್-ಮೈನಸ್ ಗುರುತಿಸಲು ಬಿಡಿಭಾಗದ ಮೈಮೇಲೆ ಎಳೆದ ಗೆರೆ. ಡಬ್ಬಿಯಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಪಟ್ಟಿ ಇರುವುದು ಮೈನಸ್ ಕಡೆ. ಹಳದಿ ಟ್ಯಾಂಟಲಮ್ ಚಿಪ್ ಕೆಪಾಸಿಟರಿನಲ್ಲಿ ಪ್ಲಸ್ ಕಡೆ! ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಡಯೋಡಿನಲ್ಲಿ ಕ್ಯಾಥೋಡ್ ಕಡೆ, ಅಂದರೆ ವಿದ್ಯುತ್ ಹೊರಬರುವ ಕಡೆ. ಬೋರ್ಡಿನ ಮೇಲೆ ಮುದ್ರಿಸಿದ ಅರ್ಧವೃತ್ತ ಬಹುತೇಕ ಮೈನಸ್ ಅನ್ನು ಸೂಚಿಸುತ್ತದೆ, ಆದರೆ ಕೆಲವು ಬೋರ್ಡುಗಳಲ್ಲಿ ಅದೂ ತಿರುಗುಮುರುಗು. ಹಾಗಾಗಿ ಪಟ್ಟಿಯನ್ನು ಬಿಟ್ಟು ಗ್ರೌಂಡ್ ಹುಡುಕಿ. ಅಡಾಪ್ಟರ್ ಕಿತ್ತು, ಮೀಟರನ್ನು ಬೀಪ್ ಮೋಡಿಗೆ ಹಾಕಿ. ಒಂದು ಮೊನೆಯನ್ನು ಚಿಪ್ ಮೇಲಿನ ತಗಡಿನ ಕವಚಕ್ಕೆ ಇಡಿ, ಇನ್ನೊಂದನ್ನು ಪ್ಯಾಡಿಗೆ. ಬಿಡದೆ ಕೂಗಿದ ಪ್ಯಾಡೇ ಮೈನಸ್. ಒಮ್ಮೆ ಪೀಂ ಎಂದು ನಿಂತರೆ ಅದು ಪ್ಲಸ್ ಪ್ಯಾಡ್. ಅದೇ ಲೈನಿನ ಬೇರೆ ಕೆಪಾಸಿಟರ್ ತುಂಬಿಕೊಳ್ಳುವಾಗಿನ ಸದ್ದು ಅದು.

ಎರಡೂ ಪ್ಯಾಡ್ ಬಿಡದೆ ಕೂಗಿದರೆ ಹೊಸ ಕೆಪಾಸಿಟರ್ ಹಾಕಬೇಡಿ. ಆ ಲೈನಿನಲ್ಲೇ ಶಾರ್ಟ್ ಇದೆ. ಸಿಡಿಲಿನ ನಂತರ ಕೆಟ್ಟ ಬೋರ್ಡಾದರೆ ಮೊದಲು ಸಾಕೆಟ್ ಹತ್ತಿರದ ರಕ್ಷಣಾ ಡಯೋಡ್ ಕಿತ್ತು ಮತ್ತೆ ಮೀಟರ್ ಇಡಿ. ಸದ್ದು ನಿಂತರೆ ಸತ್ತಿರುವುದು ಅದೇ.